ಜಗಲಿಯಲ್ಲಿ ನಡೆಯುವ ಕಾಮಿಡಿಗೆ ಒಂದು ಕ್ಯಾಮೆರಾ ಸಾಕಾ, ಮೂರು ಬೇಕಾ?

ಜಗಲಿಕಟ್ಟೆ:

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಆರು ಜನ ಗೆಳೆಯರು ಸೇರಿ ಯೂಟ್ಯೂಬಿಗೆ ಒಂದು ಕಾಮಿಡಿ ಸರಣಿ ಮಾಡಲು ಹೊರಟಿದ್ದೇವೆ. ಆರು ಕಂತು, ಒಂದೊಂದು 20 ನಿಮಿಷ. ಕಥೆ ಪೂರ್ತಿ ಒಂದು ಅಡಿಕೆ ತೋಟದ ಮನೆಯದು. ಮುಕ್ಕಾಲು ಪಾಲು ಜಗಲಿಯಲ್ಲೇ ನಡೆಯುತ್ತದೆ, ಉಳಿದದ್ದು ಅಡುಗೆಮನೆ, ತೋಟ, ಬಸ್ ಸ್ಟ್ಯಾಂಡ್. ಬರೆದು ಮುಗಿದಿದೆ. ಮನೆ ನಮ್ಮದೇ. ಕಲಾವಿದರು ಎಂದರೆ ನಾವು, ನಮ್ಮ ಅಕ್ಕಂದಿರು, ಪಕ್ಕದ ಮನೆ ಚಿಕ್ಕಪ್ಪ. ಈಗ ಗಂಟು ಬಿದ್ದಿರುವುದು ಶೂಟಿಂಗ್ ಹೇಗೆ ಎನ್ನುವಲ್ಲಿ.

ನಮ್ಮಲ್ಲಿ ಮೂವರಿಗೆ ಫ್ರೆಂಡ್ಸ್, ಬಿಗ್ ಬ್ಯಾಂಗ್ ಥಿಯರಿ ತರಹ ಬೇಕು. ಮೂರು ಕ್ಯಾಮೆರಾ ಎದುರಿಗೆ ಇಟ್ಟು, ದೃಶ್ಯವನ್ನು ನಾಟಕದ ಹಾಗೆ ಒಂದೇ ಓಟದಲ್ಲಿ ಆಡಿ ಮುಗಿಸುವುದು, ಜೊತೆಗೆ ಅಂಗಳದಲ್ಲಿ ಊರಿನವರನ್ನು ಕೂರಿಸಿ ಅವರ ನಗುವನ್ನೂ ಹಿಡಿಯುವುದು. ಉಳಿದ ಮೂವರಿಗೆ ದಿ ಆಫೀಸ್, ಮಾಡರ್ನ್ ಫ್ಯಾಮಿಲಿ ತರಹ ಬೇಕು. ಒಂದು ಕ್ಯಾಮೆರಾ, ಒಂದೊಂದೇ ಶಾಟ್, ನಗುವಿನ ಸದ್ದು ಇಲ್ಲವೇ ಇಲ್ಲ. ಎರಡು ವಾರದಿಂದ ಇದೇ ಚರ್ಚೆ. ನಮ್ಮ ಹತ್ತಿರ ಇರುವುದು ಸಾಲ ತಂದ ಒಂದು ಮಿರರ್‌ಲೆಸ್ ಕ್ಯಾಮೆರಾ ಮತ್ತು ಮೂರು ಒಳ್ಳೆ ಫೋನ್. ಎಲ್ಲರೂ ಕೆಲಸಕ್ಕೆ ಹೋಗುವವರು, ಭಾನುವಾರ ಮಾತ್ರ ಸಿಗುತ್ತಾರೆ. ನವೆಂಬರ್ ಬಂದರೆ ಅಡಿಕೆ ಗೊನೆ ಕೊಯ್ಲು ಶುರು, ಆಮೇಲೆ ಆ ಜಗಲಿ ಮೇಲೆ ಕಾಲಿಡಲು ಜಾಗ ಇರುವುದಿಲ್ಲ, ಜನವೂ ಸಿಗುವುದಿಲ್ಲ.

ಒಂದು ದೃಶ್ಯ ಹೇಳುತ್ತೇನೆ, ಅದನ್ನು ಇಟ್ಟುಕೊಂಡೇ ನೀವು ಉತ್ತರ ಕೊಟ್ಟರೆ ನಮಗೆ ಅರ್ಥವಾಗುತ್ತದೆ. ಮನೆಯ ದೊಡ್ಡಪ್ಪ ಯಾರನ್ನೂ ಕೇಳದೆ ಅಡಿಕೆಯನ್ನು ಮಂಡಿಗೆ ಹಾಕಿ ಮಾರಿಬಿಟ್ಟಿದ್ದಾರೆ. ಮಾರನೇ ದಿನವೇ ರೇಟು ಏರಿದೆ. ಮನೆಯವರಿಗೆಲ್ಲ ವಿಷಯ ಗೊತ್ತು, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಬೆಳಿಗ್ಗೆ ದೊಡ್ಡಪ್ಪ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದಾರೆ. ಒಬ್ಬೊಬ್ಬರೇ ಹಾದು ಹೋಗುತ್ತಾ 'ಇವತ್ತು ರಾಶಿ ಎಷ್ಟಂತೆ?', 'ಬೆಟ್ಟೆ ಎಷ್ಟಂತೆ?' ಎಂದು ಕೇಳುತ್ತಾರೆ (ಎರಡೂ ಅಡಿಕೆಯ ಬಗೆಗಳು). ಅವರು ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ. ಕೊನೆಗೆ ಪೇಪರ್ ಎತ್ತಿದಾಗ ಗೊತ್ತಾಗುತ್ತದೆ, ಮಾರುಕಟ್ಟೆ ಧಾರಣೆ ಇದ್ದ ಕಾಲಂ ಅನ್ನು ಅವರೇ ಕತ್ತರಿಯಲ್ಲಿ ಕತ್ತರಿಸಿ ತೆಗೆದುಬಿಟ್ಟಿದ್ದಾರೆ. ಆ ತೂತಿನಲ್ಲಿ ಅವರ ಒಂದು ಕಣ್ಣು ಕಾಣುತ್ತದೆ.

ಇದನ್ನು ಯಾವ ರೀತಿ ತೆಗೆದರೆ ಜನ ನಗುತ್ತಾರೆ? ತಿಳಿದವರು ದಯವಿಟ್ಟು ಹೇಳಿ.

ಮಂಟಪದ ಮೂಲೆ:

ನಾನು ಶಿವಮೊಗ್ಗದಲ್ಲಿ 14 ವರ್ಷದಿಂದ ಮದುವೆ, ಉಪನಯನ, ಸಭೆ ಸಮಾರಂಭದ ವಿಡಿಯೋ ಮಾಡುತ್ತಿದ್ದೇನೆ. ಧಾರಾವಾಹಿ ಮಾಡಿದವನಲ್ಲ. ಆದರೆ ಮಲ್ಟಿ ಕ್ಯಾಮೆರಾ ಎಂದರೆ ನನಗೆ ದಿನನಿತ್ಯದ ಕೆಲಸ, ಹಾಗಾಗಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ ತಮ್ಮಾ. ಸಿಂಗಲ್ ಕ್ಯಾಮೆರಾ ಎಂದರೆ ಸೆಟ್ಟಿನಲ್ಲಿ ಒಂದೇ ಕ್ಯಾಮೆರಾ ಇರುತ್ತದೆ ಎಂದೇನೂ ಅಲ್ಲ. ನೀವು ಹೇಳಿದ ಅಮೆರಿಕದ ದಿ ಆಫೀಸ್ ತೆಗೆಯುವಾಗ ಎರಡು ಕ್ಯಾಮೆರಾ ಒಟ್ಟಿಗೆ ಓಡುತ್ತಿದ್ದವು, ಆದರೂ ಅದನ್ನು ಸಿಂಗಲ್ ಕ್ಯಾಮೆರಾ ಸರಣಿ ಎಂದೇ ಕರೆಯುತ್ತಾರೆ. ವ್ಯತ್ಯಾಸ ಇರುವುದು ಕ್ಯಾಮೆರಾ ಲೆಕ್ಕದಲ್ಲಿ ಅಲ್ಲ, ಕೆಲಸ ಮಾಡುವ ರೀತಿಯಲ್ಲಿ. ಒಂದರಲ್ಲಿ ಪ್ರತಿ ಶಾಟಿಗೂ ಲೈಟು ಬದಲಾಯಿಸಿ, ಕ್ಯಾಮೆರಾ ಜಾಗ ಬದಲಾಯಿಸಿ, ಅದೇ ಮಾತನ್ನು ಮತ್ತೆ ಮತ್ತೆ ಆಡಿಸುತ್ತಾರೆ. ಇನ್ನೊಂದರಲ್ಲಿ ದೃಶ್ಯ ಒಮ್ಮೆ ಓಡುತ್ತದೆ, ಎಲ್ಲ ಕ್ಯಾಮೆರಾಗಳೂ ಅದನ್ನೇ ಬೇರೆ ಬೇರೆ ಕಡೆಯಿಂದ ಹಿಡಿಯುತ್ತವೆ. ತಾಳಿ ಕಟ್ಟುವುದನ್ನು ಇನ್ನೊಮ್ಮೆ ಮಾಡಿ ಎಂದು ಹೇಳಲಾಗುತ್ತದಾ? ಅದಕ್ಕೇ ನಾವು ಮೂರು ಇಡುತ್ತೇವೆ. ಒಂದು ಮಂಟಪ ಪೂರ್ತಿ, ಒಂದು ಮುಖಕ್ಕೆ, ಒಂದು ಕೈಗೆ.

ನಿಮ್ಮ ಜಗಲಿ ಮಲ್ಟಿ ಕ್ಯಾಮೆರಾಗೆ ಹೇಳಿ ಮಾಡಿಸಿದ ಜಾಗ. ಮೂರು ಕಡೆ ಗೋಡೆ, ಎದುರು ಅಂಗಳ. ಸ್ಟುಡಿಯೋದವರು ಲಕ್ಷಗಟ್ಟಲೆ ಸುರಿದು ಕಟ್ಟುವ ಸೆಟ್ ಇದೇ ತಾನೇ? ಕ್ಯಾಮೆರಾಗಳು ಮೂರೂ ಅಂಗಳದ ಕಡೆಯೇ ಇರಲಿ. ನಡುವಿನದು ಇಡೀ ಜಗಲಿ ಹಿಡಿಯಲಿ, ಎಡದ್ದು ಬಲಗಡೆ ಕೂತವರನ್ನು, ಬಲದ್ದು ಎಡಗಡೆ ಕೂತವರನ್ನು. ಹೀಗಿಟ್ಟರೆ ಯಾರು ಯಾವ ಕಡೆ ನೋಡುತ್ತಿದ್ದಾರೆ ಎಂಬುದು ಕಟ್ ಮಾಡಿದಾಗ ಉಲ್ಟಾ ಆಗುವುದಿಲ್ಲ. ಕಂಬ ಅಡ್ಡ ಬರುತ್ತದಾ ಎಂದು ಮೊದಲೇ ನೋಡಿಕೊಳ್ಳಿ.

ತೊಂದರೆ ಇರುವುದು ಬೆಳಕಿನಲ್ಲಿ. ಹಂಚಿನ ಮನೆಯ ಜಗಲಿ ಒಳಗಡೆ ಕತ್ತಲೆ, ಅಂಗಳ ಬಿಸಿಲು. ಅಂಗಳದ ಅಂಚಿಗೆ ಕೂತವರ ಮುಖ ಸುಟ್ಟು ಬೆಳ್ಳಗಾಗುತ್ತದೆ, ಬಾಗಿಲ ಹತ್ತಿರ ನಿಂತವರು ಕಾಣುವುದೇ ಇಲ್ಲ. ಒಂದೇ ಶಾಟ್ ಆದರೆ ಒಂದು ಬಿಳಿ ಪಂಚೆ ಹಿಡಿದು ಬೆಳಕು ತಿರುಗಿಸಿ ಸರಿ ಮಾಡಬಹುದು. ಮೂರು ಕ್ಯಾಮೆರಾ ಓಡುವಾಗ ಆ ಪಂಚೆ ಹಿಡಿದವನೇ ಫ್ರೇಮಿನಲ್ಲಿ ಬರುತ್ತಾನೆ. ಹಾಗಾಗಿ ಲೈಟುಗಳನ್ನು ಮೇಲೆ, ಮಾಡಿನ ಪಕಾಸಿಗೆ ಕಟ್ಟಿ, ಇಡೀ ಜಾಗಕ್ಕೆ ಒಂದೇ ಸಮ ಬೆಳಕು ಬೀಳುವ ಹಾಗೆ ಮಾಡಿ. ಮೋಡ ಇರುವ ದಿನ ಸಿಕ್ಕಿದರೆ ಬಿಡಲೇಬೇಡಿ.

ಫೋನ್ ವಿಷಯದಲ್ಲಿ ಒಂದು ಮಾತು ಕಟ್ಟಿಟ್ಟುಕೊಳ್ಳಿ. ಫೋನ್ ತನ್ನಷ್ಟಕ್ಕೆ ಬಿಟ್ಟರೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ, ಹೆಚ್ಚುಕಮ್ಮಿ ಮಾಡುತ್ತಾ ಹೋಗುತ್ತದೆ. 10 ನಿಮಿಷ ಆಗುವಷ್ಟರಲ್ಲಿ ಎರಡು ಫೋನಿನ ತುಟಿ ಮತ್ತು ಮಾತು ಒಂದಕ್ಕೊಂದು ಕೂಡುವುದಿಲ್ಲ. ಒಮ್ಮೆ ಒಂದು ಗೃಹಪ್ರವೇಶಕ್ಕೆ ಬಾಡಿಗೆಗೆ ತಂದ ಕ್ಯಾಮೆರಾ 30ರಲ್ಲಿತ್ತು, ನಮ್ಮದು 25ರಲ್ಲಿ. ಕೊಟ್ಟವರು ಹೇಳಲಿಲ್ಲ, ನಾನು ನೋಡಲಿಲ್ಲ. ಕೂಡಿಸುವಷ್ಟರಲ್ಲಿ ನಾಲ್ಕು ರಾತ್ರಿ ನಿದ್ದೆ ಹೋಯಿತು. ಎಲ್ಲದಕ್ಕೂ ಒಳ್ಳೆ ಕ್ಯಾಮೆರಾ ಆಪ್ ಹಾಕಿ 25 ಫ್ರೇಮ್, ಶಟರ್ 1/50 ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್, ಇದು ಬಿಟ್ಟರೆ ಬಲ್ಬಿನ ಬೆಳಕು ಮಿನುಗುತ್ತದೆ. ವೈಟ್ ಬ್ಯಾಲೆನ್ಸ್ ಕೂಡ ಲಾಕ್. ಪ್ರತಿ ಸಲ ಶುರು ಮಾಡುವಾಗ ಎಲ್ಲ ಕ್ಯಾಮೆರಾಗೂ ಕಾಣುವ ಹಾಗೆ ಒಬ್ಬರು ಜೋರಾಗಿ ಚಪ್ಪಾಳೆ ತಟ್ಟಲಿ. ಆ ಸದ್ದು ನೋಡಿ ಎಡಿಟಿಂಗ್‌ನಲ್ಲಿ ಕೂಡಿಸಬಹುದು.

ಕತ್ತರಿ ಕೆಲಸ:

ಊರು ಹೊಸನಗರ, ಇರುವುದು ಬೆಂಗಳೂರಿನಲ್ಲಿ, ಕೆಲಸ ಎಡಿಟಿಂಗ್. ಮೇಲಿನ ಅಣ್ಣ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಆದರೂ ನಾನು ಸಿಂಗಲ್ ಕ್ಯಾಮೆರಾ ಪರ, ಯಾಕೆಂದರೆ ನೀವು ಹೇಳಿದ ದೃಶ್ಯದಲ್ಲಿ ನಗು ಇರುವುದು ಮಾತಿನಲ್ಲಿ ಅಲ್ಲ, ಕಟ್‌ನಲ್ಲಿ.

ಸ್ವಲ್ಪ ಹಳೆಯ ಕಥೆ ಹೇಳಬೇಕು. ಅಮೆರಿಕದಲ್ಲಿ 1951ರಲ್ಲಿ ಐ ಲವ್ ಲೂಸಿ ಶುರುವಾಯಿತು. ಆಗ ಹೆಚ್ಚಿನ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರ ಆಗುತ್ತಿದ್ದವು. ಬೇರೆ ಕಡೆಗೆ ಟಿವಿ ಪರದೆಯನ್ನೇ ಫಿಲ್ಮಿನಲ್ಲಿ ಹಿಡಿದ ಮಸುಕು ಪ್ರತಿ ಕಳಿಸುತ್ತಿದ್ದರು. ಲೂಸಿಲ್ ಬಾಲ್ ಮತ್ತು ಅವರ ಗಂಡ ಡೆಸಿ ಆರ್ನಾಜ್ ಲಾಸ್ ಏಂಜಲೀಸ್ ಬಿಟ್ಟು ಹೋಗಲು ಒಪ್ಪಲಿಲ್ಲ. ಅಲ್ಲೇ ಪ್ರೇಕ್ಷಕರನ್ನು ಕೂರಿಸಿ, ಮೂರು 35 ಎಂಎಂ ಫಿಲ್ಮ್ ಕ್ಯಾಮೆರಾ ಒಟ್ಟಿಗೆ ಓಡಿಸಿ ತೆಗೆದರು. ಕ್ಯಾಮೆರಾ ಜವಾಬ್ದಾರಿ ಕಾರ್ಲ್ ಫ್ರಾಯಿಂಡ್ ಅವರದು. ಜರ್ಮನಿಯ ಮೂಕಿ ಚಿತ್ರಗಳ ಕಾಲದಿಂದ ಬಂದ ದೊಡ್ಡ ಛಾಯಾಗ್ರಾಹಕ, ನೆರಳು ಬೆಳಕಿನ ಆಟಕ್ಕೇ ಹೆಸರಾದವರು. ಅಂಥವರು ಇಲ್ಲಿ ಮಾಡಿದ್ದೇನು? ಮೂರು ಕ್ಯಾಮೆರಾಗೂ ಆಗಬೇಕು ಎಂದು ಲೈಟುಗಳನ್ನು ಮೇಲೆ ಹಾಕಿಸಿ ನೆರಳನ್ನೇ ಅಳಿಸಿದರು. ಆ ಸಪಾಟು ಬೆಳಕು 70 ವರ್ಷದಿಂದ ಮಲ್ಟಿ ಕ್ಯಾಮೆರಾ ಕಾಮಿಡಿಯ ಬೆನ್ನು ಬಿಟ್ಟಿಲ್ಲ. ನಮ್ಮ ಮಲೆನಾಡಿನ ಮನೆಯ ಚೆಂದ ಇರುವುದೇ ಕತ್ತಲೆಯಲ್ಲಿ ಅಲ್ವಾ? ಹೆಬ್ಬಾಗಿಲಿನ ಆಚೆ ಏನೂ ಕಾಣದ ಆ ಒಳಮನೆ, ಗಾಜಿನ ಹಂಚಿನಿಂದ ಒಂದೇ ಕೋಲಾಗಿ ಇಳಿಯುವ ಬಿಸಿಲು. ಅದನ್ನೆಲ್ಲ ಲೈಟು ಹಾಕಿ ಬೆಳ್ಳಗೆ ಮಾಡಿದರೆ ಅದು ನಮ್ಮ ಮನೆ ಎಂದು ಯಾರಿಗೆ ಗೊತ್ತಾಗುತ್ತದೆ?

ನಿಮ್ಮ ಪಕ್ಕದಲ್ಲೇ ಇರುವ ಉದಾಹರಣೆ ನೋಡಿ. ಶಂಕರ್ ನಾಗ್ ಮಾಲ್ಗುಡಿ ಡೇಸ್ ಮಾಡಲು ಆಗುಂಬೆಗೆ ಬಂದರು, ರೈಲು ನಿಲ್ದಾಣಕ್ಕೆ ಅರಸಾಳು ಆರಿಸಿಕೊಂಡರು. ಆ ಹಳೆ ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಅದು ಸಿಟ್‌ಕಾಂ, ಅಂದರೆ ನಿಮ್ಮದರಂಥ ಕಾಮಿಡಿ ಸರಣಿ, ಅಲ್ಲ, ಗೊತ್ತು. ಆದರೆ ಅದರಲ್ಲಿ ಎಷ್ಟು ಕಡೆ ನಗು ಬರುತ್ತದೆ, ಒಂದು ಕಡೆಯಾದರೂ ಯಾರೋ ನಕ್ಕ ಸದ್ದು ಕೇಳುತ್ತದಾ? ಹುಡುಗನ ಮುಖದ ಮೇಲೆ ಕ್ಯಾಮೆರಾ ನಿಲ್ಲುತ್ತದೆ, ಅಷ್ಟೇ. ನಗುವುದು ನಮ್ಮ ಕೆಲಸ.

ಈಗ ನಿಮ್ಮ ದೊಡ್ಡಪ್ಪನ ದೃಶ್ಯ. ನಾನಾದರೆ ಹೀಗೆ ಜೋಡಿಸುತ್ತೇನೆ. ಮೊದಲು ಬರೀ ಪೇಪರಿನ ಬೆನ್ನು, ಅದರ ಹಿಂದೆ ಯಾರಿದ್ದಾರೆ ಎಂದು ಕಾಣಬಾರದು. ಹಾದು ಹೋಗುವವರ ಕಾಲು, ಸೀರೆ ಅಂಚು, ಪ್ರಶ್ನೆ. ಪ್ರತಿ ಪ್ರಶ್ನೆಗೂ ಪೇಪರ್ ಹಿಡಿದ ಬೆರಳು ಒಂಚೂರು ಬಿಗಿಯಾಗುತ್ತದೆ, ಅದು ಕ್ಲೋಸಪ್. ಮೂರನೇ ಪ್ರಶ್ನೆ ಆದ ಮೇಲೆ ಮಾತಿಲ್ಲ. ಪೇಪರ್ ಮೇಲೇರುತ್ತದೆ, ತೂತು, ಕಣ್ಣು. ಕಣ್ಣು ಒಮ್ಮೆ ಮಿಟುಕಿದ ಕೂಡಲೇ ಕಟ್. ಮುಂದಿನ ಶಾಟ್ ಬಚ್ಚಲ ಒಲೆ, ಆ ಕಾಲಂ ಉರಿಯುತ್ತಿದೆ. ಮಾತು ಒಂದೂ ಬೇಡ. ಅಂಗಳದಲ್ಲಿ ಕೂತವರಿಗೆ ಆ ಬೆರಳೂ ಕಾಣುವುದಿಲ್ಲ, ಬಚ್ಚಲ ಒಲೆಯೂ ಕಾಣುವುದಿಲ್ಲ.

ಆದರೆ ಸಮಯದ ಲೆಕ್ಕ ಮುಚ್ಚಿಡುವುದಿಲ್ಲ. ಈ ರೀತಿ ತೆಗೆಯುವ 22 ನಿಮಿಷದ ಒಂದು ಕಂತಿಗೆ ಅಮೆರಿಕದ ದೊಡ್ಡ ತಂಡಗಳೇ ಸುಮಾರು ಐದು ದಿನ ತೆಗೆದುಕೊಳ್ಳುತ್ತವೆ. ನಿಮ್ಮ ಕಂತು ಆರು, ಭಾನುವಾರ ಬೆರಳೆಣಿಕೆ. ನಾನು ನಿಮ್ಮ ಜಾಗದಲ್ಲಿದ್ದರೆ ಆರರ ಬದಲು ಎರಡೇ ಕಂತು ಮಾಡಿ, ಅದನ್ನೇ ಚೆನ್ನಾಗಿ ಮಾಡುತ್ತಿದ್ದೆ.

ಇನ್ನೊಂದು, ಸದ್ದು. ಒಂದೊಂದೇ ಶಾಟ್ ತೆಗೆದಾಗ ಹಿಂದಿನ ಸದ್ದು ಪ್ರತಿ ಶಾಟಿಗೂ ಬದಲಾಗಿರುತ್ತದೆ. ನಮ್ಮೂರಿನಲ್ಲಿ ಜೀರುಂಡೆ ಇದೆಯಲ್ಲ, ಅದು ಒಂದು ಶಾಟಿನಲ್ಲಿ ಕಿರ್ರೆನ್ನುತ್ತಿರುತ್ತದೆ, ಮುಂದಿನ ಶಾಟಿನಲ್ಲಿ ಪೂರ್ತಿ ಮೌನ. ಕಟ್ ಮಾಡಿದಾಗ ಕಿವಿಗೆ ಹೊಡೆದ ಹಾಗೆ ಆಗುತ್ತದೆ. ಯಾರೂ ಮಾತಾಡದೆ ಎರಡು ಮೂರು ನಿಮಿಷ ಬರೀ ಜಗಲಿಯ ಸದ್ದು ರೆಕಾರ್ಡ್ ಮಾಡಿಟ್ಟುಕೊಳ್ಳಿ, ಎಲ್ಲ ಶಾಟಿನ ಕೆಳಗೂ ಅದನ್ನು ಹಾಸಬಹುದು.

ತುಂಗೆಯ ದಡ:

ನಾನು ಬರೀ ನೋಡುವವಳು, ಶಾಲೆಯಲ್ಲಿ ಪಾಠ ಮಾಡುತ್ತೇನೆ. ಒಂದು ಕೋರಿಕೆ ಇದೆ, ದಯವಿಟ್ಟು ಎಲ್ಲಿಂದಲೋ ತಂದ ನಗುವಿನ ಸದ್ದು ಹಾಕಬೇಡಿ. ಈಟಿವಿ ಕನ್ನಡದಲ್ಲಿ ಪಾಪ ಪಾಂಡು, ಸಿಲ್ಲಿ ಲಲ್ಲಿ ಬರುತ್ತಿದ್ದಾಗ ನಮ್ಮ ಮನೆಯಲ್ಲಿ ಟಿವಿ ಇತ್ತು, ಪಕ್ಕದ ಎರಡು ಮನೆಯಲ್ಲಿ ಇರಲಿಲ್ಲ. ಎಲ್ಲರೂ ಬಂದು ಕೂರುತ್ತಿದ್ದರು, ಕೆಲವರು ಅಡಿಕೆ ಸುಲಿಯುತ್ತಾ. ನಗು ಬರುತ್ತಿದ್ದದ್ದು ನಮ್ಮ ನಡುವಿನಿಂದ. ಈಗ ಒಬ್ಬಳೇ ಫೋನಿನಲ್ಲಿ ನೋಡುವಾಗ, ನನಗೆ ನಗು ಬರದ ಕಡೆ ಯಾರೋ ಹೋ ಎಂದು ನಕ್ಕರೆ, ನನ್ನನ್ನು ಮಾತಿನಿಂದ ಹೊರಗಿಟ್ಟ ಹಾಗೆ ಅನಿಸುತ್ತದೆ. ಅಂಗಳದಲ್ಲಿ ಕೂತವರು ನಿಜವಾಗಿ ನಕ್ಕಿದ್ದರೆ ಅದು ಬೇರೆ ಮಾತು, ಅದು ಕೇಳಿಸಿಕೊಳ್ಳಲು ಹಿತ.

ಕತ್ತರಿ ಕೆಲಸ:

ಅಕ್ಕಾ, ನೀವು ಹೇಳಿದ್ದು ಪೂರ್ತಿ ನಿಜ. ಆ ಡಬ್ಬಿ ನಗುವಿಗೂ ಒಂದು ಇತಿಹಾಸ ಇದೆ. ಚಾರ್ಲಿ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ಟೈಪ್‌ರೈಟರ್ ತರಹ ಕೀಲಿ ಇರುವ ಒಂದು ಯಂತ್ರ ಮಾಡಿದ್ದರು. ಒಂದು ಕೀಲಿ ಒತ್ತಿದರೆ ಕಿಸಿಕಿಸಿ, ಇನ್ನೊಂದಕ್ಕೆ ಗಹಗಹ. ಮ್ಯಾಶ್ ಎಂಬ ಸರಣಿ 1972ರಲ್ಲಿ ಶುರುವಾದಾಗ ಅದು ಸಿಂಗಲ್ ಕ್ಯಾಮೆರಾ, ಯುದ್ಧಭೂಮಿಯ ಆಸ್ಪತ್ರೆಯ ಕಥೆ. ಮಾಡಿದವರಿಗೆ ನಗುವಿನ ಸದ್ದು ಬೇಡವಾಗಿತ್ತು, ಚಾನೆಲ್ ಬಿಡಲಿಲ್ಲ. ಕೊನೆಗೆ ಆಪರೇಷನ್ ನಡೆಯುವ ದೃಶ್ಯಗಳಲ್ಲಿ ಮಾತ್ರ ಹಾಕುವುದಿಲ್ಲ ಎಂದು ಒಪ್ಪಂದ ಆಯಿತು. ಬ್ರಿಟನ್ನಿನಲ್ಲಿ ಬಿಬಿಸಿ ಅದನ್ನು ನಗುವಿಲ್ಲದೆ ಪ್ರಸಾರ ಮಾಡಿತು. ಎರಡನ್ನೂ ನೋಡಿದರೆ ಎರಡು ಬೇರೆ ಬೇರೆ ಕಥೆ ನೋಡಿದ ಹಾಗೆ ಆಗುತ್ತದೆ.

ಚೌಕಿಮನೆ:

ತಡವಾಗಿ ನೋಡಿದೆ. ನಾನು ನಾಟಕದವನು, ಸಾಗರದ ಕಡೆ. ಹೆಗ್ಗೋಡಿನಲ್ಲಿ ನೀನಾಸಂ ನಾಟಕಗಳನ್ನು ಚಿಕ್ಕಂದಿನಿಂದ ನೋಡುತ್ತಾ ಬೆಳೆದೆ, ಆಮೇಲೆ ನಾನೂ ಬಣ್ಣ ಹಚ್ಚಿದೆ. ಇಲ್ಲಿಯವರೆಗಿನ ಮಾತೆಲ್ಲ ಕ್ಯಾಮೆರಾ ಮತ್ತು ಕತ್ತರಿಯ ಮೇಲೇ ನಡೆದಿದೆ. ಆಡುವವರ ಕಡೆಯಿಂದ ಯಾರೂ ನೋಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಮಿಡಿ ಆಡುವವನಿಗೆ ಎದುರಿಗೆ ಕೂತ ಜನ ಬರೀ ನೋಡುವವರಲ್ಲ, ಜೊತೆಗೆ ಆಡುವವರು. ಬಯಲಾಟದಲ್ಲಿ ಹಾಸ್ಯಗಾರ ಬಂದಾಗ ಗಮನಿಸಿದ್ದೀರಾ? ಒಂದು ಮಾತು ಹಾಕಿ ಸುಮ್ನೆ ನಿಲ್ಲುತ್ತಾನೆ. ನಗು ಮುಂದಿನ ಸಾಲಿನಿಂದ ಎದ್ದು ಹಿಂದೆ ಹೋಗುತ್ತದೆ. ಅದು ಏರುವಾಗ ಅವನು ಮಾತಾಡುವುದಿಲ್ಲ, ಪೂರ್ತಿ ಇಳಿಯುವವರೆಗೂ ಕಾಯುವುದಿಲ್ಲ. ಇಳಿಯಲು ಶುರುವಾದ ಕೂಡಲೇ ಮುಂದಿನ ಮಾತು. ಅರ್ಧ ಕ್ಷಣ ಬೇಗ ಆದರೆ ಮಾತು ನಗುವಿನಲ್ಲಿ ಮುಳುಗುತ್ತದೆ, ಅರ್ಧ ಕ್ಷಣ ತಡವಾದರೆ ಬಿಸಿ ಆರುತ್ತದೆ. ಇದನ್ನು ಯಾವ ನಿರ್ದೇಶಕನೂ ಹೇಳಿಕೊಡಲು ಆಗುವುದಿಲ್ಲ. ಜನರೇ ಹೇಳಿಕೊಡಬೇಕು.

ಅಮೆರಿಕದ ಮಲ್ಟಿ ಕ್ಯಾಮೆರಾ ಕಾಮಿಡಿಗಳ ವಾರದ ಕ್ರಮ ಕೇಳಿದರೆ ನನಗೆ ನಮ್ಮ ನಾಟಕ ತಂಡದ ನೆನಪೇ ಬರುತ್ತದೆ. ಮೊದಲ ದಿನ ಎಲ್ಲರೂ ಮೇಜಿನ ಸುತ್ತ ಕೂತು ಓದುತ್ತಾರೆ. ಆಮೇಲೆ ತಾಲೀಮು, ನಡುವೆ ತಿದ್ದುಪಡಿ, ಕ್ಯಾಮೆರಾ ಜೊತೆ ತಾಲೀಮು, ಕೊನೆಯ ದಿನ ಸಂಜೆ ಪ್ರೇಕ್ಷಕರ ಎದುರು ಪ್ರದರ್ಶನ. ಬರೆದವರು ಅಲ್ಲೇ ನಿಂತಿರುತ್ತಾರೆ. ಒಂದು ಮಾತಿಗೆ ನಗು ಬರಲಿಲ್ಲ ಎಂದರೆ ಅಲ್ಲೇ ಹೊಸ ಮಾತು ಬರೆದು ಕೊಟ್ಟು ಮತ್ತೆ ಆಡಿಸುತ್ತಾರೆ. ಹ್ಯಾಪಿ ಡೇಸ್ ಎಂಬ ಸರಣಿ 1974ರಲ್ಲಿ ಸಿಂಗಲ್ ಕ್ಯಾಮೆರಾ ಆಗಿ ಶುರುವಾಗಿ, ಮೂರನೇ ಸೀಸನ್ನಿನಿಂದ ಪ್ರೇಕ್ಷಕರ ಎದುರಿಗೆ ಬಂತು. ಅದೇ ನಟರು, ಅದೇ ಪಾತ್ರಗಳು, ಆದರೆ ಆಟದ ಎತ್ತರವೇ ಬೇರೆ ಆಯಿತು.

ನಡುವಿನ ದಾರಿಯೂ ಇದೆ. ಹೌ ಐ ಮೆಟ್ ಯುವರ್ ಮದರ್‌ನಲ್ಲಿ ಹಿಂದಿನ ಕಾಲಕ್ಕೆ ಹಾರುವ ಚಿಕ್ಕ ಚಿಕ್ಕ ದೃಶ್ಯ ಜಾಸ್ತಿ, ಪ್ರೇಕ್ಷಕರನ್ನು ಕೂರಿಸಿಕೊಂಡು ಅಷ್ಟು ಸಲ ಸೆಟ್ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಮಲ್ಟಿ ಕ್ಯಾಮೆರಾದಲ್ಲೇ, ಆದರೆ ಜನರಿಲ್ಲದೆ ಮೂರು ದಿನ ಶೂಟ್ ಮಾಡಿ, ಎಡಿಟ್ ಆದದ್ದನ್ನು ಪ್ರೇಕ್ಷಕರಿಗೆ ತೋರಿಸಿ ಅವರು ನಕ್ಕದ್ದನ್ನು ರೆಕಾರ್ಡ್ ಮಾಡುತ್ತಿದ್ದರು. ನಿಮ್ಮ ತೋಟ, ಬಸ್ ಸ್ಟ್ಯಾಂಡ್ ದೃಶ್ಯಗಳಿಗೆ ಹೀಗೆ ಮಾಡಬಹುದು. ಮೊದಲೇ ತೆಗೆದಿಟ್ಟುಕೊಂಡು, ಜಗಲಿ ಶೂಟಿಂಗ್ ದಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಅಂಗಳದವರಿಗೆ ತೋರಿಸಿ.

ಕತ್ತರಿ ಕೆಲಸದವರೇ, ನಿಮ್ಮ ಬೆರಳಿನ ಕ್ಲೋಸಪ್ ನನಗೆ ಬಹಳ ಇಷ್ಟವಾಯಿತು. ಆದರೆ ಒಂದು ಕೇಳುತ್ತೇನೆ. ಆ ದೊಡ್ಡಪ್ಪನ ಪಾತ್ರ ಮಾಡುವುದು ಪಕ್ಕದ ಮನೆ ಚಿಕ್ಕಪ್ಪ. ಅವರು ನಟರಲ್ಲ. ಒಂದೇ ಪ್ರಶ್ನೆಗೆ ಹನ್ನೆರಡು ಸಲ ಬೆರಳು ಬಿಗಿ ಮಾಡಿ ಎಂದರೆ ಐದನೇ ಸಲಕ್ಕೆ ಆ ಬೆರಳಿನಲ್ಲಿ ಜೀವ ಇರುವುದಿಲ್ಲ. ಆದರೆ ಅವರ ಎದುರು ಅಂಗಳದಲ್ಲಿ ಅವರನ್ನು ಬಲ್ಲ ಇಪ್ಪತ್ತು ಜನ ಕೂತಿದ್ದರೆ, ಅವರು ತಾವೇ ಏನೋ ಕೊಡುತ್ತಾರೆ. ಬಾಯಲ್ಲಿ ಹೇಳಿದರೆ ಸಾಲದು, ಒಂದು ಭಾನುವಾರ ಮಾಡಿ ನೋಡಿ. ತಾಲೀಮು ಮಾತ್ರ ಕನಿಷ್ಠ ನಾಲ್ಕು ಸಂಜೆ ಆಗಲಿ, ಮಾತು ಮರೆತು ನಿಂತರೆ ಯಾವ ಪ್ರೇಕ್ಷಕರೂ ಕಾಪಾಡುವುದಿಲ್ಲ.

ಜಗಲಿಕಟ್ಟೆ:

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಎಂದು ಅಂದುಕೊಂಡಿರಲಿಲ್ಲ. ಮೊನ್ನೆ ಭಾನುವಾರ ಅದೇ ದೃಶ್ಯವನ್ನು ಎರಡೂ ರೀತಿ ತೆಗೆದು ನೋಡಿದೆವು. ಏನಾಯಿತು ಎಂದು ಹೇಳಲೇಬೇಕು.

ಬೆಳಿಗ್ಗೆ ಏಳಕ್ಕೆ ಸಿಂಗಲ್ ಕ್ಯಾಮೆರಾ ಶುರು ಮಾಡಿದೆವು. ಎರಡು ನಿಮಿಷದ ದೃಶ್ಯಕ್ಕೆ 17 ಶಾಟ್, ಮಧ್ಯಾಹ್ನ ಒಂದೂವರೆ ಆಯಿತು. ಆ ಹೊತ್ತಿಗೆ ಜಗಲಿಯ ಬಿಸಿಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋಗಿತ್ತು. ಆದರೂ ಬೆರಳಿನ ಶಾಟ್ ಮತ್ತು ಬಚ್ಚಲ ಒಲೆ ನೋಡಿದರೆ ಮೈ ಜುಂ ಅನ್ನುತ್ತದೆ, ಅಷ್ಟು ಚೆನ್ನಾಗಿ ಬಂದಿದೆ. ಚಿಕ್ಕಪ್ಪ ಮಾತ್ರ ಸುಸ್ತು.

ಊಟ ಆದ ಮೇಲೆ ಮೂರು ಫೋನ್ ಅಂಗಳದಲ್ಲಿ ಇಟ್ಟೆವು. 25 ಫ್ರೇಮ್, ಎಲ್ಲ ಲಾಕ್, ಚಪ್ಪಾಳೆ. ಚಾಪೆ ಹಾಸಿ ಕೇರಿಯ 23 ಜನರನ್ನು ಕೂರಿಸಿದೆವು, ನಮ್ಮ ಅಜ್ಜಿಗೆ ಮುಂದೆ ಕುರ್ಚಿ. ಒಂದು ಪ್ರಶ್ನೆ, ಎರಡು ಪ್ರಶ್ನೆ, ಸಣ್ಣಗೆ ನಗು. ಚಿಕ್ಕಪ್ಪ ಪೇಪರ್ ಎತ್ತಿದರು, ತೂತು ಕಂಡಿತು, ಅಂಗಳ ಪೂರ್ತಿ ಹೋ ಎಂದಿತು. ನಾವು ಬರೆದಿದ್ದ ಪ್ರಕಾರ ದೃಶ್ಯ ಅಲ್ಲಿಗೆ ಮುಗಿಯಬೇಕು. ಆದರೆ ನಗು ನಿಲ್ಲಲೇ ಇಲ್ಲ. ದೊಡ್ಡಮ್ಮನ ಪಾತ್ರ ಮಾಡಿದ ನಮ್ಮಕ್ಕ ಎಲೆಅಡಿಕೆ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು, ಅವಳಿಗೆ ಮುಂದೆ ಮಾತಿಲ್ಲ, ಕೆಲಸವೂ ಇಲ್ಲ. ಒಂದು ಕ್ಷಣ ಕಾದಳು. ಆಮೇಲೆ ತಟ್ಟೆಯಿಂದ ಒಂದು ಅಡಿಕೆ ಹೋಳು ತೆಗೆದು, ಏನೂ ಹೇಳದೆ, ಆ ತೂತಿನೊಳಗಿಂದ ಗಂಡನಿಗೆ ಕೊಟ್ಟಳು. ಚಿಕ್ಕಪ್ಪನೂ ಸುಮ್ನೆ ಕೈ ಚಾಚಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಅಜ್ಜಿ ಕುರ್ಚಿ ಹಿಡಿದುಕೊಂಡು ನಕ್ಕಳು, ಕೆಮ್ಮು ಬರುವವರೆಗೂ.

ಇದು ನಮ್ಮ ಬರವಣಿಗೆಯಲ್ಲಿ ಇರಲಿಲ್ಲ. ಬೆಳಿಗ್ಗೆಯ ಆರೂವರೆ ಗಂಟೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಡುವಿನ ಫೋನಿನಲ್ಲಿ ಪೂರ್ತಿ ಸಿಕ್ಕಿದೆ, ಎಡದ ಫೋನಿನಲ್ಲಿ ಅಕ್ಕನ ಮುಖ ಸಿಕ್ಕಿದೆ. ಬಲದ ಫೋನಿಗೆ ಕಂಬ ಅಡ್ಡ ಬಂತು, ಅಣ್ಣ ಮೊದಲೇ ಹೇಳಿದ್ದರು.

ಜಗಲಿ ದೃಶ್ಯಗಳನ್ನೆಲ್ಲ ಜನರ ಎದುರೇ ಮಾಡುವುದು ಎಂದು ಆರೂ ಜನ ಒಪ್ಪಿದೆವು. ತೋಟ ಮತ್ತು ಬಸ್ ಸ್ಟ್ಯಾಂಡ್ ಮೊದಲೇ ತೆಗೆದು ಬಟ್ಟೆಯ ಮೇಲೆ ತೋರಿಸುತ್ತೇವೆ. ಆರು ಕಂತು ಬಿಟ್ಟು ಮೂರಕ್ಕೆ ಇಳಿಸಿದ್ದೇವೆ. ಕತ್ತರಿ ಕೆಲಸದ ಅಣ್ಣಾ, ಬಚ್ಚಲ ಒಲೆಯ ಶಾಟ್ ಬಿಡುವ ಮನಸ್ಸಿಲ್ಲ, ಅಡಿಕೆ ಹೋಳು ಕೊಟ್ಟ ಮೇಲೆ ಅದನ್ನು ಹಾಕಿದರೆ ಹೇಗೆ?

ಕತ್ತರಿ ಕೆಲಸ:

ಹಾಕಬೇಡ ತಮ್ಮಾ. ಹೋಳು ಬಾಯಿಗೆ ಹೋದ ಮೇಲೆ ಒಲೆಗೆ ಕೆಲಸ ಇಲ್ಲ. ಒಲೆಯನ್ನು ಕಂತಿನ ಮೊದಲ ಶಾಟ್ ಮಾಡು, ಏನು ಉರಿಯುತ್ತಿದೆ ಎಂದು ಯಾರಿಗೂ ಗೊತ್ತಾಗಬಾರದು. ಪೇಪರ್ ಎತ್ತಿದಾಗ ತಾನಾಗಿ ನೆನಪಾಗುತ್ತದೆ. ಆ ಅಡಿಕೆ ಹೋಳು ನನ್ನ ಕತ್ತರಿಯಿಂದ ಯಾವತ್ತೂ ಹುಟ್ಟುತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಫೂಟೇಜ್ ಕಳಿಸು, ಮೊದಲ ಕಂತು ನಾನೇ ಎಡಿಟ್ ಮಾಡಿಕೊಡುತ್ತೇನೆ, ದುಡ್ಡು ಬೇಡ.

ತುಂಗೆಯ ದಡ:

ಅಜ್ಜಿಯ ಕೆಮ್ಮು ತೆಗೆಯಬೇಡಿ.

ಜಗಲಿಕಟ್ಟೆ:

ಇಲ್ಲ ಅಕ್ಕಾ, ತೆಗೆಯುವುದಿಲ್ಲ. ಅಣ್ಣಾ, ಇವತ್ತು ರಾತ್ರಿಯೇ ಕಳಿಸುತ್ತೇನೆ, ನೆಟ್ ಸಿಗುವುದು ಗುಡ್ಡದ ಮೇಲೆ, ಮಳೆ ನಿಂತ ಕೂಡಲೇ ಹೋಗುತ್ತೇನೆ. ಮುಂದಿನ ಭಾನುವಾರ ಎರಡನೇ ದೃಶ್ಯ. ಚೌಕಿಮನೆಯವರೇ, ನಿಮಗೆ ಬಿಡುವಿದ್ದರೆ ಶನಿವಾರ ಸಂಜೆ ತಾಲೀಮಿಗೆ ಬರುತ್ತೀರಾ? ಸಾಗರದಿಂದ ಬರುವ ಬಸ್ಸಿಗೆ ನಾವು ಬೈಕ್ ತಂದು ಕಾಯುತ್ತೇವೆ.